‘ಅಡ್ಡಪರಿಣಾಮವಿಲ್ಲ’ ಎಂಬ ಪ್ರಾಣಾಂತಕ ಸುಳ್ಳು

ಗಿಡಮೂಲಿಕೆಯಿಂದ ತಯಾರಾದದ್ದು, ಆದ್ದರಿಂದ ಯಾವ ಅಡ್ಡಪರಿಣಾಮವೂ ಇಲ್ಲ ಎಂದು ಸಾರುವ ಲೈಂಗಿಕ ಶಕ್ತಿವರ್ಧಕಗಳ ಜಾಹೀರಾತುಗಳು ಬಸ್ ನಿಲ್ದಾಣದ ಗೋಡೆಯಿಂದ ಮೊಬೈಲ್ ಪರದೆಯವರೆಗೆ ಹಬ್ಬಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇವುಗಳಿಗೆ ಕಡಿವಾಣ ಹಾಕಬೇಕೆಂದು ಯಾರಾದರೂ ಬಾಯಿ ತೆರೆದ ಕೂಡಲೇ ಅದು ಆಯುರ್ವೇದದ ಮೇಲಿನ ದಾಳಿ, ವಿದೇಶಿ ಔಷಧ ಕಂಪನಿಗಳ ಪಿತೂರಿ ಎಂದು ಕೂಗೆಬ್ಬಿಸುವ ಗುಂಪೊಂದು ಈಚಿನ ವರ್ಷಗಳಲ್ಲಿ ಬಲಿತಿದೆ. ಇದರ ಜೊತೆಗೆ, ನಿಮಿರುದೌರ್ಬಲ್ಯದ ಮಾತ್ರೆಗೆ ವೈದ್ಯರ ಚೀಟಿ ಏಕೆ ಬೇಕು, ತಲೆನೋವಿನ ಮಾತ್ರೆಯಂತೆ ಬಿಡಿಯಾಗಿ ಮಾರಲಿ ಎನ್ನುವವರೂ ಇದ್ದಾರೆ. ಈ ಎರಡು ಗುಂಪುಗಳು ಒಂದನ್ನೊಂದು ಹೀಗಳೆಯುತ್ತವೆಯಾದರೂ, ಔಷಧಿಯನ್ನು ನುಂಗುವ ಮನುಷ್ಯನ ಹೃದಯದ ಸ್ಥಿತಿ ಏನೆಂದು ಕೇಳುವ ಗೋಜಿಗೆ ಎರಡೂ ಹೋಗುವುದಿಲ್ಲ.

ಸಂಭೋಗಕ್ಕೆ ಬೇಕಾದಷ್ಟು ಶಿಶ್ನವು ನಿಮಿರದಿರುವ ಅಥವಾ ನಿಮಿರಿದರೂ ಆ ಸ್ಥಿತಿ ನಿಲ್ಲದಿರುವ ತೊಂದರೆಯನ್ನು ನಿಮಿರುದೌರ್ಬಲ್ಯ ಎನ್ನಲಾಗುತ್ತದೆ. ಇದು ಪಾಪದ ಫಲವೂ ಅಲ್ಲ, ಯೌವನದ ದುಂದಿನ ಶಿಕ್ಷೆಯೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರನ್ನು ಕುರಿತು ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 52ರಷ್ಟು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಈ ತೊಂದರೆ ಕಂಡುಬಂದಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮನಸ್ಸಿನ ಒತ್ತಡ, ಕೆಲವು ಔಷಧಿಗಳು ಇದಕ್ಕೆ ಸಾಮಾನ್ಯ ಕಾರಣಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ 10 ಕೋಟಿಗೂ ಹೆಚ್ಚು ಮಧುಮೇಹಿಗಳಿರುವ ಈ ದೇಶದಲ್ಲಿ ಈ ತೊಂದರೆಯನ್ನು ಅನುಭವಿಸುವವರ ಸಂಖ್ಯೆ ಸಣ್ಣದಾಗಿರಲು ಸಾಧ್ಯವೇ ಇಲ್ಲ. ನಾಚಿಕೆಯಿಂದ ಬಾಯಿ ಬಿಡದ ಇಷ್ಟು ದೊಡ್ಡ ಸಮೂಹವೇ ಸುಳ್ಳು ಮಾರುವವರ ಬಂಡವಾಳ.

ಇದಕ್ಕೆ ನಿಜವಾದ ಔಷಧಿ ಇಲ್ಲವೆಂದಲ್ಲ. ಫೈಜರ್ ಕಂಪನಿಯ ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ ಹೃದ್ರೋಗದ ಎದೆನೋವಿಗೆಂದು ಪರೀಕ್ಷೆಗೊಳಗಾದ ಸಿಲ್ಡೆನಾಫಿಲ್ ಎಂಬ ರಾಸಾಯನಿಕವು ಆ ಉದ್ದೇಶದಲ್ಲಿ ಸೋತು, ಬೇರೆಯದೇ ಗುಣ ತೋರಿ, 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ವಯಾಗ್ರ ಎಂಬ ಹೆಸರಿನಿಂದ ಅನುಮೋದನೆ ಪಡೆಯಿತು. ಕಾಮಪ್ರಚೋದನೆಯಾದಾಗ ಶಿಶ್ನದ ನರತುದಿಗಳಿಂದ ಬಿಡುಗಡೆಯಾಗುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಸಿ.ಜಿ.ಎಂ.ಪಿ. ಎಂಬ ವಸ್ತುವನ್ನು ಹುಟ್ಟಿಸುತ್ತದೆ. ಆ ವಸ್ತು ರಕ್ತನಾಳದ ಸ್ನಾಯುಗಳನ್ನು ಸಡಿಲಿಸಿ ರಕ್ತ ತುಂಬಿಕೊಳ್ಳುವಂತೆ ಮಾಡುತ್ತದೆ. ಅದನ್ನು ಒಡೆದುಹಾಕುವ ಪಿ.ಡಿ.ಇ.-5 ಎಂಬ ಕಿಣ್ವವನ್ನು ಸಿಲ್ಡೆನಾಫಿಲ್ ತಡೆಹಿಡಿಯುತ್ತದೆ. ಆದ್ದರಿಂದ ಇದು ಆಸೆಯನ್ನು ಹುಟ್ಟಿಸುವ ಔಷಧಿಯಲ್ಲ, ಪ್ರಚೋದನೆಯಿಲ್ಲದೆ ಕೆಲಸ ಮಾಡುವಂಥದ್ದೂ ಅಲ್ಲ. ಟಡಾಲಫಿಲ್ ಎಂಬ ಇನ್ನೊಂದು ಔಷಧಿಯದೂ ಇದೇ ಕಾರ್ಯವಿಧಾನ. ಆದರೆ ಸಿಲ್ಡೆನಾಫಿಲ್‌ನ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿದರೆ, ಟಡಾಲಫಿಲ್‌ನದು 36 ಗಂಟೆಗಳವರೆಗೂ ಉಳಿಯಬಲ್ಲದು.

ವೈದ್ಯರು ರೋಗಿಯನ್ನು ಪರೀಕ್ಷಿಸಿ ಕೊಟ್ಟಾಗ ಈ ಔಷಧಿಗಳು ಬಹುತೇಕ ಗಂಡಸರಿಗೆ ಸುರಕ್ಷಿತ. ಸಿಲ್ಡೆನಾಫಿಲ್ ಅನ್ನು ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ, 65 ವರ್ಷ ದಾಟಿದವರಿಗೆ ಮತ್ತು ಯಕೃತ್ತು ಅಥವಾ ಮೂತ್ರಪಿಂಡ ಬಲಹೀನವಾದವರಿಗೆ 25 ಮಿಲಿಗ್ರಾಂನಿಂದ ಆರಂಭಿಸಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಮಾತ್ರೆ ಸಲ್ಲದೆಂದು ಎಚ್ಚರಿಸಲಾಗುತ್ತದೆ. ತಲೆನೋವು, ಮುಖ ಕೆಂಪೇರುವುದು, ಮೂಗು ಕಟ್ಟುವುದು, ಅಜೀರ್ಣ ಸಾಮಾನ್ಯ. ಅಕ್ಷಿಪಟಲದಲ್ಲಿರುವ ಇದೇ ಕುಲದ ಇನ್ನೊಂದು ಕಿಣ್ವಕ್ಕೂ ಸ್ವಲ್ಪ ತಡೆಯಾಗುವುದರಿಂದ ಕೆಲವರಿಗೆ ನೋಟ ನೀಲಿಯಾಗಿ ತೋರುತ್ತದೆ. ಟಡಾಲಫಿಲ್ ತೆಗೆದುಕೊಂಡವರಲ್ಲಿ ಬೆನ್ನು ಮತ್ತು ಮಾಂಸಖಂಡಗಳ ನೋವು ಕಾಣಿಸಿಕೊಳ್ಳುವುದುಂಟು. ಅಪರೂಪಕ್ಕೆ ಒಂದು ಕಣ್ಣಿನ ದೃಷ್ಟಿ ಅಥವಾ ಕಿವಿಯ ಶ್ರವಣಶಕ್ತಿ ಹಠಾತ್ತನೆ ಕುಂದಬಹುದು. ನಾಲ್ಕು ಗಂಟೆಗೂ ಮೀರಿ ನಿಮಿರುವಿಕೆ ಇಳಿಯದೆ ನೋವು ಕೊಟ್ಟರೆ ಅದು ಹೆಮ್ಮೆಪಡುವ ವಿಷಯವಲ್ಲ, ತಕ್ಷಣ ಆಸ್ಪತ್ರೆ ಸೇರಬೇಕಾದ ಸ್ಥಿತಿ. ತಡವಾದರೆ ಅಂಗವು ಶಾಶ್ವತವಾಗಿ ಕೆಡಬಹುದು. ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ ಕೊಡುವ ಟ್ಯಾಮ್ಸುಲೋಸಿನ್‌ನಂತಹ ಔಷಧಿಗಳ ಜೊತೆ ಸೇರಿದರೆ ರಕ್ತದೊತ್ತಡ ಕುಸಿದು ತಲೆಸುತ್ತಿ ಬೀಳುವ ಅಪಾಯವಿದೆ, ಎರಿಥ್ರೋಮೈಸಿನ್‌ನಂತಹ ಕೆಲವು ಔಷಧಿಗಳು ರಕ್ತದಲ್ಲಿ ಸಿಲ್ಡೆನಾಫಿಲ್‌ನ ಪ್ರಮಾಣವನ್ನು ಏರಿಸುತ್ತವೆ.

ಇವೆಲ್ಲಕ್ಕಿಂತ ಮೇಲೆ ಒಂದು ಕಟ್ಟುನಿಟ್ಟಿನ ನಿಷೇಧವಿದೆ. ನೈಟ್ರೇಟ್ ಜಾತಿಯ ಔಷಧಿ ತೆಗೆದುಕೊಳ್ಳುವವರು ಈ ಮಾತ್ರೆಗಳನ್ನು ಮುಟ್ಟಲೇಬಾರದು. ಎದೆನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳಲೆಂದು ನಡುವಯಸ್ಸು ದಾಟಿದ ಎಷ್ಟೋ ಗಂಡಸರು ಅಂಗಿಯ ಜೇಬಿನಲ್ಲೋ ಪರ್ಸಿನ ಸಂದಿಯಲ್ಲೋ ಇಟ್ಟುಕೊಂಡಿರುವ ಸಾರ್ಬಿಟ್ರೇಟ್ ಎಂಬ ಪುಟ್ಟ ಮಾತ್ರೆ ಇದೇ ನೈಟ್ರೇಟ್. ನೈಟ್ರೇಟ್‌ನಿಂದ ದೇಹದಲ್ಲಿ ಸಿ.ಜಿ.ಎಂ.ಪಿ. ಹೆಚ್ಚುತ್ತದೆ, ಸಿಲ್ಡೆನಾಫಿಲ್ ಅದು ಕರಗದಂತೆ ತಡೆಯುತ್ತದೆ. ನಲ್ಲಿಯನ್ನು ಪೂರ್ತಿ ತಿರುಗಿಸಿ ತೊಟ್ಟಿಯ ಕಿಂಡಿಯನ್ನು ಮುಚ್ಚಿದಂತಾಗಿ ಮೈಯ ರಕ್ತನಾಳಗಳೆಲ್ಲ ಸಡಿಲಗೊಂಡು, ರಕ್ತದೊತ್ತಡ ಪಾತಾಳಕ್ಕಿಳಿದು, ಮೊದಲೇ ರಕ್ತ ಸಾಲದೆ ನರಳುತ್ತಿದ್ದ ಹೃದಯಕ್ಕೆ ಅದೂ ಇಲ್ಲವಾಗುತ್ತದೆ. ಆದ್ದರಿಂದಲೇ ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆಗಳವರೆಗೆ, ಟಡಾಲಫಿಲ್ ತೆಗೆದುಕೊಂಡ 48 ಗಂಟೆಗಳವರೆಗೆ ನೈಟ್ರೇಟ್ ಕೊಡಬಾರದೆಂದು ಹೃದ್ರೋಗ ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ.

ಈಗ ‘ಗಿಡಮೂಲಿಕೆ’ಯ ವಿಷಯಕ್ಕೆ ಬರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2007ರಿಂದ 2016ರವರೆಗೆ ಹೊರಡಿಸಿದ ಎಚ್ಚರಿಕೆಗಳನ್ನು ಕ್ರೋಡೀಕರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಂತೆ, ಲೇಬಲ್ಲಿನಲ್ಲಿ ಹೇಳದ ಔಷಧಿಗಳನ್ನು ಬೆರೆಸಿದ 776 ಪೂರಕ ಉತ್ಪನ್ನಗಳು ಸಿಕ್ಕಿಬಿದ್ದಿದ್ದವು. ಅವುಗಳಲ್ಲಿ 353 ಲೈಂಗಿಕ ಶಕ್ತಿವರ್ಧಕಗಳು, ಆ 353ರಲ್ಲಿ 166ರಲ್ಲಿ ಇದ್ದದ್ದು ಸಿಲ್ಡೆನಾಫಿಲ್. ಬೇರು, ಬೀಜ, ಎಲೆಗಳ ಚಿತ್ರ ಹೊತ್ತ ಡಬ್ಬಿಯೊಳಗೆ ಕೆಲಸ ಮಾಡುತ್ತಿದ್ದದ್ದು ಕಾರ್ಖಾನೆಯ ರಾಸಾಯನಿಕ. ‘ಒಂದೇ ಗಂಟೆಯಲ್ಲಿ ಫಲಿತಾಂಶ’ ಎಂದು ಸಾರುವ ಯಾವುದೇ ಚೂರ್ಣ, ಲೇಹ್ಯ, ಕ್ಯಾಪ್ಸೂಲ್ ನಿಜಕ್ಕೂ ಒಂದೇ ಗಂಟೆಯಲ್ಲಿ ಫಲಿತಾಂಶ ಕೊಟ್ಟರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ನಿಯಮ ಮೀರಿ ಸಿಲ್ಡೆನಾಫಿಲ್ ಚೀಟಿಯಿಲ್ಲದೆ ಎಲ್ಲ ಕಡೆ ಸಿಗುವಾಗ, ಗಿಡಮೂಲಿಕೆಯ ಹೆಸರಿನ ಡಬ್ಬಿಯನ್ನು ಹುಡುಕಿಕೊಂಡು ಹೋಗುವವರು ಯಾರು ಎಂಬ ಪ್ರಶ್ನೆಯೇ ಈ ಇಡೀ ವಿವಾದದ ಜೀವ. ‘ನಿಮಗೆ ಹೃದಯದ ತೊಂದರೆಯಿದೆ, ಆ ಮಾತ್ರೆ ಬೇಡ’ ಎಂದು ವೈದ್ಯರಿಂದ ಕೇಳಿಸಿಕೊಂಡವರು, ಸ್ಟೆಂಟ್ ಹಾಕಿಸಿಕೊಂಡವರು, ಬಿ.ಪಿ. ಮತ್ತು ಸಕ್ಕರೆಗೆ ದಿನವೂ ಮಾತ್ರೆ ನುಂಗುವವರು, ಇಂಗ್ಲಿಷ್ ಔಷಧಿಯ ಅಡ್ಡಪರಿಣಾಮಕ್ಕೆ ಹೆದರಿದವರು ಅಲ್ಲಿಗೆ ಹೋಗುತ್ತಾರೆ. ಎಂದರೆ, ಯಾರು ವೈದ್ಯರನ್ನು ಕೇಳದೆ ಸಿಲ್ಡೆನಾಫಿಲ್ ಅನ್ನು ಮುಟ್ಟಬಾರದೋ ಅವರನ್ನೇ ಆರಿಸಿ ಕರೆದು, ‘ಇದರಲ್ಲಿ ಅದಿಲ್ಲ’ ಎಂದು ನಂಬಿಸಿ, ಅದನ್ನೇ ನುಂಗಿಸುವ ವ್ಯವಸ್ಥೆ ಇದು. ಅಂಥವನಿಗೆ ರಾತ್ರಿ ಎದೆ ಹಿಂಡಿದಾಗ ಜೇಬಿನ ಸಾರ್ಬಿಟ್ರೇಟ್ ನಾಲಿಗೆಯಡಿ ಹೋಗುತ್ತದೆ. ಆಸ್ಪತ್ರೆಯಲ್ಲಿ ಸಿಲ್ಡೆನಾಫಿಲ್ ತೆಗೆದುಕೊಂಡಿದ್ದೀರಾ ಎಂದು ಕೇಳಿದರೆ ಅವನು ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತಾನೆ. ರೋಗಿಯ ಸತ್ಯವನ್ನೂ ಸುಳ್ಳು ಮಾಡುವ ಕಲಬೆರಕೆಗೆ ವ್ಯಾಪಾರ ಎಂಬ ಹೆಸರು ಸಲ್ಲದು, ಅದು ಕೊಲೆಗೆ ಸಮೀಪದ ಕೃತ್ಯ.

ಬೆರೆಸಿದ್ದು ಸಿಲ್ಡೆನಾಫಿಲ್ ಒಂದೇ ಆಗಿರುತ್ತದೆಂಬ ಭರವಸೆಯೂ ಇಲ್ಲ. 2008ರ ಮೊದಲ ಐದು ತಿಂಗಳಲ್ಲಿ ಸಿಂಗಪುರದ ಆಸ್ಪತ್ರೆಗಳಿಗೆ ಸಕ್ಕರೆ ಕಾಯಿಲೆಯೇ ಇಲ್ಲದ 150 ಮಂದಿ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿದು ದಾಖಲಾದರು. ಅವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಗಂಡಸರು. ಏಳು ಮಂದಿ ದೀರ್ಘಕಾಲ ಪ್ರಜ್ಞಾಹೀನರಾದರು, ಅವರಲ್ಲಿ ನಾಲ್ವರು ಸತ್ತರು. ಅಕ್ರಮ ಲೈಂಗಿಕ ಶಕ್ತಿವರ್ಧಕಗಳಲ್ಲಿ ಮಧುಮೇಹದ ಔಷಧಿಯಾದ ಗ್ಲಿಬೆನ್‌ಕ್ಲಾಮೈಡ್ ಸೇರಿದ್ದೇ ಕಾರಣವೆಂದು ಪತ್ತೆಯಾಯಿತು. ಅಷ್ಟು ಜನರಲ್ಲಿ ಅಂತಹ ಔಷಧಿ ತೆಗೆದುಕೊಂಡದ್ದನ್ನು ಒಪ್ಪಿಕೊಂಡವರು ಕೇವಲ 45 ಮಂದಿ. ಸಾವಿನ ಬಾಗಿಲಲ್ಲೂ ನಾಚಿಕೆ ಬಾಯಿ ಬಿಡಗೊಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಸಾಕ್ಷ್ಯ ಬೇಕಿಲ್ಲ.

ಇಂತಹ ಶಕ್ತಿವರ್ಧಕಗಳನ್ನು ಸಮರ್ಥಿಸಲು ವಾಜೀಕರಣದ ಹೆಸರು ಹೇಳಲಾಗುತ್ತದೆ. ಲೈಂಗಿಕ ಸಾಮರ್ಥ್ಯವನ್ನು ಕುರಿತ ವಾಜೀಕರಣವು ಆಯುರ್ವೇದದ ಎಂಟು ಅಂಗಗಳಲ್ಲಿ ಒಂದೆಂಬುದು ನಿಜ. ಆದರೆ ಯಾವ ಸಂಹಿತೆಯಲ್ಲೂ ಸಿಲ್ಡೆನಾಫಿಲ್ ಸಿಟ್ರೇಟನ್ನು ಅರೆದು ಬೆರೆಸುವ ವಿಧಿಯಿಲ್ಲ. ಆಯುರ್ವೇದಕ್ಕೆ ಅವಮಾನ ಮಾಡುತ್ತಿರುವವರು ಕಲಬೆರಕೆ ಮಾಡುವವರು. ಪ್ರಾಮಾಣಿಕ ಆಯುರ್ವೇದ ವೈದ್ಯರು ಅವರ ವಿರುದ್ಧ ಮೊದಲು ಬೀದಿಗಿಳಿಯಬೇಕಿತ್ತು. ಕಾನೂನಿನ ಕೊರತೆಯೂ ಇಲ್ಲ. ಲೈಂಗಿಕ ಸುಖದ ಸಾಮರ್ಥ್ಯವನ್ನು ಹೆಚ್ಚಿಸುವುದಾಗಿ ಔಷಧಿಯ ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ಔಷಧ ನಿಯಮಗಳ ‘ಜೆ’ ಅನುಸೂಚಿಯು ವಾಸಿಮಾಡುತ್ತೇವೆಂದು ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿಯಲ್ಲಿ ನಪುಂಸಕತೆಯನ್ನೂ ಸೇರಿಸಿದೆ. ಆದರೆ ಆಯುಷ್ ಔಷಧಿಗಳ ಜಾಹೀರಾತಿಗೆ ರಾಜ್ಯದ ಪೂರ್ವಾನುಮತಿ ಬೇಕೆಂಬ 170ನೇ ನಿಯಮವನ್ನು 2018ರಲ್ಲಿ ತಂದ ಕೇಂದ್ರ ಸರ್ಕಾರವೇ 2024ರ ಜುಲೈನಲ್ಲಿ ಅದನ್ನು ಕೈಬಿಟ್ಟಿತು. ಹಾಗೆ ಕೈಬಿಟ್ಟದ್ದಕ್ಕೆ ಮರುತಿಂಗಳು ಸುಪ್ರೀಂ ಕೋರ್ಟ್ ನೀಡಿದ ತಡೆಯೂ 2025ರ ಆಗಸ್ಟ್‌ನಲ್ಲಿ ತೆರವಾಯಿತು. ಜನರ ಪ್ರಾಣಕ್ಕೆ ಕಾವಲಾಗಬಹುದಾಗಿದ್ದ ಒಂದು ನಿಯಮವನ್ನು ಉದ್ಯಮದ ಅನುಕೂಲಕ್ಕೆ ಬಲಿಗೊಟ್ಟದ್ದು ನಾಚಿಕೆಗೇಡು.

ಇಲ್ಲಿ ಕನ್ನಡಿಗರು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಪುರುಷತ್ವ ಮರಳಿ ಬರುತ್ತದೆಂಬ ಆಶ್ವಾಸನೆ ಗೋಡೆಗಳ ಮೇಲೆ, ಕರಪತ್ರಗಳಲ್ಲಿ, ಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳಲ್ಲಿ ಅಚ್ಚುಕಟ್ಟಾದ ಕನ್ನಡದಲ್ಲಿ ಇರುತ್ತದೆ. ನೈಟ್ರೇಟ್ ಜೊತೆ ತೆಗೆದುಕೊಂಡರೆ ಪ್ರಾಣಾಪಾಯ ಎಂಬ ಎಚ್ಚರಿಕೆ ಮಾತ್ರ ಪೆಟ್ಟಿಗೆಯೊಳಗೆ ಮಡಿಸಿಟ್ಟ ತೆಳು ಕಾಗದದಲ್ಲಿ, ಭೂತಗನ್ನಡಿಯಿಲ್ಲದೆ ಕಾಣದ ಇಂಗ್ಲಿಷ್ ಅಕ್ಷರಗಳಲ್ಲಿ ಅಡಗಿರುತ್ತದೆ. ಮೆಡಿಕಲ್ ಶಾಪಿನವರು ಕತ್ತರಿಯಿಂದ ಪಟ್ಟಿಯನ್ನು ತುಂಡರಿಸಿ ಎರಡು ಮಾತ್ರೆ ಕೊಟ್ಟಾಗ ಆ ಕಾಗದ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಎಷ್ಟೋ ಸಲ ಔಷಧಿಯ ಹೆಸರು ಮತ್ತು ಅವಧಿ ಮುಗಿಯುವ ತಾರೀಕು ಕೂಡ ಪಟ್ಟಿಯ ಇನ್ನೊಂದು ತುಂಡಿನಲ್ಲಿ ಉಳಿದುಹೋಗುತ್ತವೆ. ಅಂಗಡಿಯ ಫಲಕದಲ್ಲಿ ಕನ್ನಡ ಎಷ್ಟು ಭಾಗವಿರಬೇಕೆಂದು ಅಳೆದು ನೋಡುವ ರಾಜ್ಯದಲ್ಲಿ, ನಾಡಿನ ಜನ ನುಂಗುವ ಔಷಧಿಯ ಮೇಲೆ ಒಂದು ಸಾಲು ಕನ್ನಡ ಬೇಕೆಂದು ಹಟ ಹಿಡಿಯುವವರಿಲ್ಲ. ಆರೋಗ್ಯ ಅಂಕಣದಲ್ಲಿ ಹೃದಯದ ಕಾಳಜಿಯನ್ನು ಬೋಧಿಸಿ, ಪುಟ ತಿರುಗಿಸಿದರೆ ‘ಗುಪ್ತರೋಗ ತಜ್ಞ’ರ ಫೋನ್ ನಂಬರ್ ಅಚ್ಚು ಮಾಡುವ ಪತ್ರಿಕೆಗಳೂ ಈ ಪಾಪದಲ್ಲಿ ಪಾಲುದಾರರು.

ಚೀಟಿಯಿಲ್ಲದೆ ಬಿಡಿಯಾಗಿ ಮಾರಲಿ ಎನ್ನುವವರು ಬ್ರಿಟನ್ನಿನ ಉದಾಹರಣೆ ಕೊಡುತ್ತಾರೆ. ಅಲ್ಲಿ 2017ರಲ್ಲಿ ಅನುಮತಿ ಸಿಕ್ಕದ್ದು 50 ಮಿಲಿಗ್ರಾಂ ಮಾತ್ರೆಗೆ ಮಾತ್ರ. ಅದನ್ನೂ ಔಷಧ ತಜ್ಞರು ಹೃದಯದ ಸ್ಥಿತಿ ಮತ್ತು ಬೇರೆ ಔಷಧಿಗಳ ಬಗ್ಗೆ ವಿಚಾರಿಸಿ, ಸೂಕ್ತವೆನಿಸಿದರಷ್ಟೇ ಕೊಡಬೇಕು. ಇಲ್ಲಿ ‘ಎಚ್’ ಅನುಸೂಚಿಯಲ್ಲಿದ್ದು ಚೀಟಿಯಿಲ್ಲದೆ ಮಾರಬಾರದ ಔಷಧಿಯನ್ನೇ ಒಂದು ಮಾತೂ ಕೇಳದೆ ಕಾಗದದಲ್ಲಿ ಸುತ್ತಿ ಕೊಡುವಾಗ ಬ್ರಿಟನ್ನಿನ ಹೆಸರೆತ್ತುವುದು ವಂಚನೆ. ಚೀಟಿಗಾಗಿ ವೈದ್ಯರ ಬಳಿ ಹೋಗುವುದರಿಂದ ಇನ್ನೊಂದು ಲಾಭವೂ ಇದೆ. ಹೃದಯದ ರಕ್ತನಾಳಗಳ ಅಗಲ ಮೂರು ನಾಲ್ಕು ಮಿಲಿಮೀಟರ್, ಶಿಶ್ನದ ರಕ್ತನಾಳಗಳದು ಒಂದೆರಡು ಮಿಲಿಮೀಟರ್. ಆದ್ದರಿಂದ ಕೊಬ್ಬು ಕಟ್ಟುವ ರೋಗ ಮೊದಲು ಕಾಣಿಸಿಕೊಳ್ಳುವುದು ಸಣ್ಣ ನಾಳದಲ್ಲಿ, ಹೃದಯದಲ್ಲಿ ಅದು ತಲೆದೋರಲು ಹೆಚ್ಚಾಗಿ ಎರಡರಿಂದ ಐದು ವರ್ಷ ಬೇಕು. ನಲವತ್ತೈದರ ಗಂಡಸು ಈ ತೊಂದರೆಗೆಂದು ವೈದ್ಯರ ಬಳಿ ಹೋದರೆ ಸಕ್ಕರೆ, ಕೊಲೆಸ್ಟರಾಲ್, ಬಿ.ಪಿ. ಪರೀಕ್ಷೆಯಾಗಿ ಐವತ್ತರ ಹೃದಯಾಘಾತ ತಪ್ಪಬಹುದು. ರಸ್ತೆಬದಿಯ ಗುಡಾರದಲ್ಲಿ ಔಷಧಿ ಮಾರುವ ನಕಲಿ ವೈದ್ಯನೂ ಕ್ಯಾಪ್ಸೂಲಿನ ಡಬ್ಬಿಯೂ ಅವನಿಂದ ಕಸಿದುಕೊಳ್ಳುವುದು ಈ ಐದು ವರ್ಷಗಳನ್ನು.

ಶಕ್ತಿವರ್ಧಕವೆಂದು ಮಾರಾಟವಾಗುವ ಪ್ರತಿಯೊಂದು ಉತ್ಪನ್ನದ ಮಾದರಿಯನ್ನೂ ರಾಜ್ಯದ ಔಷಧ ನಿಯಂತ್ರಣ ಮತ್ತು ಆಯುಷ್ ಇಲಾಖೆಗಳು ಅಂಗಡಿಯಿಂದಲೇ ಎತ್ತಿ, ಸಿಲ್ಡೆನಾಫಿಲ್, ಟಡಾಲಫಿಲ್ ಮತ್ತು ಮಧುಮೇಹದ ಔಷಧಿಗಳಿಗಾಗಿ ಪರೀಕ್ಷಿಸಿ, ಫಲಿತಾಂಶವನ್ನು ತಯಾರಕರ ಹೆಸರಿನೊಡನೆ ಕನ್ನಡದಲ್ಲಿ ಪ್ರಕಟಿಸಬೇಕು. ಅಸಲಿ ಮಾತ್ರೆಯ ಪ್ರತಿ ಪಟ್ಟಿಯ ಬೆನ್ನಿಗೂ ‘ಎದೆನೋವಿಗೆ ನಾಲಿಗೆಯಡಿ ಮಾತ್ರೆ ಇಡುವವರು ಇದನ್ನು ತೆಗೆದುಕೊಳ್ಳಬಾರದು’ ಎಂಬ ಸಾಲು ಕನ್ನಡದಲ್ಲಿರಬೇಕು. ಅದಾಗುವವರೆಗೆ, ಎದೆನೋವೆಂದು ಬರುವ ಪ್ರತಿಯೊಬ್ಬ ಗಂಡಸನ್ನೂ ನೈಟ್ರೇಟ್ ಕೊಡುವ ಮುನ್ನ, ಜೊತೆಗೆ ಬಂದವರನ್ನು ಒಂದು ಗಳಿಗೆ ಆಚೆ ಕಳಿಸಿ, ಕಳೆದ ಎರಡು ದಿನಗಳಲ್ಲಿ ಶಕ್ತಿಗೆಂದು ಏನಾದರೂ, ಅದು ಚೂರ್ಣವೋ ಲೇಹ್ಯವೋ ಆದರೂ ಸರಿ, ತೆಗೆದುಕೊಂಡಿದ್ದೀರಾ ಎಂದು ಅವನ ಮಾತಿನಲ್ಲೇ ಕೇಳುವುದನ್ನು ತಾಲ್ಲೂಕು ಆಸ್ಪತ್ರೆಯಿಂದ ಮೇಲಿನ ಎಲ್ಲ ತುರ್ತು ಚಿಕಿತ್ಸಾ ಘಟಕಗಳಲ್ಲೂ ಸರ್ಕಾರ ಇಂದೇ ಕಡ್ಡಾಯ ಮಾಡಬೇಕು.