ನೋವನ್ನು ನುಂಗಬಾರದ ಹೊತ್ತು

ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ, ಮನೆಯ ಹಿರಿಯರು ನೋವನ್ನು ನುಂಗಿಕೊಳ್ಳುವುದನ್ನೇ ಸದ್ಗುಣವೆಂದು ಬಗೆದವರು. ಆಸ್ಪತ್ರೆಯ ಮಂಚದ ಮೇಲೂ ಆ ಗುಣ ಬಿಡದು. "ಸಿಸ್ಟರಿಗೆ ಸುಮ್ಮನೆ ಯಾಕೆ ತ್ರಾಸು?" ಎಂದು, ಸೂಜಿ ಚುಚ್ಚಿದ ಕೈ ಉರಿಯುತ್ತಿದ್ದರೂ ಬಾಯಿ ಬಿಡುವುದಿಲ್ಲ. ಹೃದಯದ ಲಯ ತಪ್ಪಿ ಚಿಕಿತ್ಸೆ ಪಡೆಯುವ ವೇಳೆಯಲ್ಲಿ ಈ ಸೌಜನ್ಯವೇ ಅಪಾಯಕ್ಕೆ ದಾರಿಯಾದೀತು.

ಇಂಥ ಚಿಕಿತ್ಸೆಯಲ್ಲಿ ರಕ್ತನಾಳದ ಮೂಲಕ ಕೊಡುವ ಔಷಧಗಳಲ್ಲಿ ಅಮಿಯೋಡರೋನ್ ಒಂದು. 1961ರಲ್ಲಿ ಬೆಲ್ಜಿಯಂ ದೇಶದಲ್ಲಿ ರೂಪುಗೊಂಡ ಇದು ಮೊದಲು ಎದೆನೋವಿನ ಮದ್ದಾಗಿ ಬಂದು, ತರುವಾಯ ಲಯದೋಷದ ಮದ್ದಾಗಿ ಹೆಸರಾಯಿತು. ರೂಢಿಯಲ್ಲಿರುವ ಒಂದು ಕ್ರಮದಂತೆ ಮೊದಲ 10 ನಿಮಿಷಗಳಲ್ಲಿ 150 ಮಿಲಿಗ್ರಾಂ, ಅನಂತರ 6 ಗಂಟೆಗಳ ಕಾಲ ನಿಮಿಷಕ್ಕೆ 1 ಮಿಲಿಗ್ರಾಂ, ಮುಂದಿನ 18 ಗಂಟೆಗಳ ಕಾಲ ಅದರ ಅರ್ಧದಷ್ಟು ಕೊಡುತ್ತಾರೆ. ಔಷಧದ ದ್ರಾವಣ ಆಮ್ಲಗುಣದ್ದು. ಕೈಯ ಸಣ್ಣ ರಕ್ತನಾಳದಲ್ಲಿ ಇಷ್ಟು ಹೊತ್ತು ಹರಿದರೆ ನಾಳ ಕೆರಳಿ ಉರಿಯೂತವಾಗುವುದುಂಟು. ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸಕ್ಕೂ ಹಾನಿ.

ನರ್ಸ್ ಆಗಾಗ್ಗೆ ರಕ್ತದೊತ್ತಡವನ್ನೂ, ಪಂಪಿನ ವೇಗವನ್ನೂ, ಸೂಜಿಯ ಜಾಗವನ್ನೂ ನೋಡುತ್ತಾಳೆ. ಮಾನಿಟರಿನ ಪರದೆ ಹೃದಯದ ಬಡಿತವನ್ನು ತೋರಿಸುತ್ತದೆ. ಕೈಯ ಉರಿಯನ್ನು ತೋರಿಸುವ ಪರದೆ ಇಲ್ಲ. ಅದನ್ನು ರೋಗಿಯೇ ಹೇಳಬೇಕು. ಉರಿ, ಕೆಂಪು, ಬಾವು, ತಲೆಸುತ್ತು, ಉಸಿರಿನ ಕಷ್ಟ, ಇವುಗಳಲ್ಲಿ ಒಂದು ತೋರಿದರೂ ತಕ್ಷಣ ತಿಳಿಸಬೇಕು. ಬೇಗ ತಿಳಿದರೆ ಸೂಜಿಯ ಜಾಗವನ್ನು ಬದಲಿಸಬಹುದು. ತಡವಾದರೆ ಕೈಯೇ ದಂಡ ತೆರಬೇಕಾದೀತು.

ಬಳಿಯಲ್ಲಿ ಕುಳಿತ ಬಂಧುಗಳಿಗೊಂದು ಮಾತು: ಬಾಟಲಿ ಬೇಗ ಮುಗಿಯಲೆಂದು ಕೊಳವೆಯ ಚಕ್ರವನ್ನಾಗಲಿ ಪಂಪಿನ ಗುಂಡಿಯನ್ನಾಗಲಿ ಮುಟ್ಟಕೂಡದು. ಔಷಧದ ವೇಗ ಹೆಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ, ನಾಡಿ ನಿಧಾನವಾಗುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಬೀದರಿಗೋ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೋ ರೋಗಿಯನ್ನು ಸಾಗಿಸಬೇಕಾದಾಗ, ಔಷಧ ಎಷ್ಟು ಗಂಟೆಗೆ ಆರಂಭವಾಯಿತು, ಯಾವ ಕೈಗೆ ಎಂಬ ಬರಹ ಜೊತೆಗಿರಲಿ.

ಕಲ್ಯಾಣದ ಶರಣರು ಕಾಯಕದಲ್ಲಿ ಮೇಲುಕೀಳೆಣಿಸಲಿಲ್ಲ. ನೋಡುವುದು ನರ್ಸಿನ ಕಾಯಕವಾದರೆ, ಹೇಳುವುದು ರೋಗಿಯ ಕಾಯಕ. ಎರಡೂ ಕೂಡಿದಲ್ಲಿ ಮಾತ್ರ ಆರೈಕೆ ಪೂರ್ಣ.