ಅರಮನೆಯ ಸಂದಣಿಯಲ್ಲಿ ಇಬ್ಬರು

ದಸರೆಯ ರಜೆಯಲ್ಲಿ ನಾವು ದಂಪತಿಗಳು ಮೈಸೂರು ಅರಮನೆಯನ್ನು ನೋಡಲು ಹೋದೆವು. 1897ರಲ್ಲಿ ರಾಜಕುಮಾರಿಯ ವಿವಾಹಕಾಲದಲ್ಲಿ ಹಳೆಯ ಮರದ ಅರಮನೆ ಅಗ್ನಿಗಾಹುತಿಯಾದ ಬಳಿಕ ಹೆನ್ರಿ ಇರ್ವಿನ್ ರೂಪಿಸಿದ, 1912ರಲ್ಲಿ ಪೂರ್ಣಗೊಂಡ ಭವನವಿದು. ಪಾದರಕ್ಷೆಗಳನ್ನು ಒಪ್ಪಿಸಿ, ಚೀಟಿಯನ್ನು ಮನೆಯವರ ಕೈಗಿತ್ತು ಒಳಹೊಕ್ಕೆವು. ಅಲ್ಲಿಂದ ಮುಂದೆ ನಾವು ನಡೆಯಲಿಲ್ಲ, ಜನಪ್ರವಾಹವೇ ನಡೆಸಿತು.

ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ, ಗ್ಲಾಸ್ಗೋದಿಂದ ಬಂದ ನವಿಲುಚಿತ್ರದ ಗಾಜುಗಳನ್ನು ನೋಡಿ ತಲೆ ತಗ್ಗಿಸುವಷ್ಟರಲ್ಲಿ ಪಕ್ಕದಲ್ಲಿ ಅವರಿರಲಿಲ್ಲ. ಇಬ್ಬರಿಗೂ ಇರುವುದೊಂದೇ ಮೊಬೈಲು. ಅದೂ ನಮ್ಮ ಜೇಬಿನಲ್ಲಿ. ಹೆಸರು ಹಿಡಿದು ಕೂಗೋಣವೆಂದರೆ, ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಹಾಗೆ ಕೂಗಿದ ಅಭ್ಯಾಸವೇ ಇಲ್ಲ! ಸಂದಣಿ ನಮ್ಮನ್ನು ಹೊರಬಾಗಿಲಿನತ್ತ ತಳ್ಳುತ್ತಿತ್ತು. ಹತ್ತಾರು ಜನರ ಕ್ಷಮೆ ಕೇಳುತ್ತ, ಎದುರು ಈಜುವವರಂತೆ ಹಿಂದಿರುಗಿದೆವು.

ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರದ ಮುಂದೆ, ಕಾವಲುಗಾರ “ಮುಂದೆ ನಡೀರಿ” ಎನ್ನುತ್ತಿದ್ದರೂ ಕದಲದೆ, ಅವರು ನಿಂತಿದ್ದರು.

“ಕಳೆದುಹೋದವರು ನೀವು, ನಾನಲ್ಲ. ಇಲ್ಲಿ ನಿಂತರೆ ಬಂದೇ ಬರುತ್ತೀರಿ ಅಂತ ಗೊತ್ತಿತ್ತು. ನೋಡಿ, ಚಿತ್ರದಲ್ಲಿ ಇಷ್ಟು ಜನ, ಒಬ್ಬರೂ ತಳ್ಳುವುದಿಲ್ಲ” ಎಂದರು, ಬಲು ನಿಶ್ಚಿಂತೆಯಿಂದ.

ಹೊರಬಂದು ಪಾದರಕ್ಷೆಯ ಚೀಟಿ ಕೇಳಿದೆವು. ಅವರ ಮುಷ್ಟಿಯಲ್ಲಿ ಅದು ಬೆವರಿಗೆ ತೊಯ್ದು ಮುದ್ದೆಯಾಗಿತ್ತು.