ಮೇಲುಕೋಟೆಯಲ್ಲಿ ಓದುವವರು ಬೇಕು

ನಮ್ಮ ಮಂಡ್ಯ ಜಿಲ್ಲೆಯ ಊರುಗಳನ್ನು ಹೊರಗಿನವರು ನಾಲಗೆಯಿಂದ ಗುರುತಿಸುತ್ತಾರೆ. ಮಂಡ್ಯವೆಂದರೆ ಸಕ್ಕರೆ, ಮದ್ದೂರೆಂದರೆ ವಡೆ, ಮೇಲುಕೋಟೆಯೆಂದರೆ ಪುಳಿಯೋಗರೆ. ಮಳವಳ್ಳಿಯ ಪಾಲಿಗೆ ತಿಂಡಿಯಿಲ್ಲ. ಶಿವನಸಮುದ್ರದ ಫೋಟೊದಲ್ಲೇ ಅದು ತೃಪ್ತಿಪಡಬೇಕು. ಇದಕ್ಕೆ ನನ್ನ ತಕರಾರಿಲ್ಲ, ನಾನೂ ತಿನ್ನುವವನೇ. ಆದರೆ ಮೇಲುಕೋಟೆಯನ್ನು ಜಿಲ್ಲೆಯವರಾದ ನಾವೇ ಪುಳಿಯೋಗರೆಗೂ ಕಲ್ಯಾಣಿಯ ಮೆಟ್ಟಿಲಿಗೂ ಮುಗಿಸಿಬಿಟ್ಟಿದ್ದೇವಲ್ಲ, ಅದನ್ನು ಸಹಿಸಲಾರೆ.

12ನೆಯ ಶತಮಾನದಲ್ಲಿ ರಾಮಾನುಜರು ಬಂದು ನೆಲಸಿದಂದಿನಿಂದ ಅದು ದೇವರ ಊರು ಮಾತ್ರವಲ್ಲ, ಪಾಠದ ಊರೂ ಹೌದು. ಗುಡಿಯ ಸುತ್ತಲಿನ ಬೀದಿಗಳಲ್ಲಿ ವೇದಾಂತ, ತರ್ಕ, ವ್ಯಾಕರಣಗಳು ಮನೆಮನೆಯ ಜಗಲಿಯ ಮಾತಾಗಿದ್ದವು. ಸಂಸ್ಕೃತ ಪಾಠಶಾಲೆ ಇಂದಿಗೂ ಉಂಟು, ಸಂಸ್ಕೃತ ಸಂಶೋಧನ ಸಂಸತ್ತೂ ಉಂಟು. 1905ರಲ್ಲಿ ಪು.ತಿ.ನ. ಹುಟ್ಟಿದ್ದೂ ಇಲ್ಲೇ, ‘ಮಲೆದೇಗುಲ’ದ ಬೆಟ್ಟ ಈ ಊರಿನದೇ.

ವೈರಮುಡಿಯ ದಿನ ನೋಡಿ, ನಮ್ಮ ಉತ್ಸಾಹವೆಷ್ಟು! ಜಿಲ್ಲಾ ಖಜಾನೆಯಿಂದ ಕಿರೀಟ ಪೊಲೀಸರ ಕಾವಲಿನಲ್ಲಿ ಹೊರಡುತ್ತದೆ, ದಾರಿಯ ಹಳ್ಳಿಗಳಲ್ಲಿ ಪೂಜೆ ಸಲ್ಲುತ್ತದೆ, ರಾತ್ರಿ ಚೆಲುವನಾರಾಯಣ ಅದನ್ನು ಧರಿಸಿ ಗರುಡನ ಮೇಲೆ ಬರುತ್ತಾನೆ. ವಜ್ರಕ್ಕೆ ಇಷ್ಟು ಕಾವಲು. ತಾಳೆಗರಿಗೆ?

ತಾಳೆಗರಿಯ ಸಂಗತಿ ಪೇಟೆಯ ಓದುಗರಿಗೆ ಅಷ್ಟಾಗಿ ಗೊತ್ತಿರಲಾರದು. ಗರಿಯ ಮೇಲೆ ಬರೆಯುವುದಿಲ್ಲ, ಕಂಠದಿಂದ ಕೊರೆಯುತ್ತಾರೆ. ಆಮೇಲೆ ಮಸಿ ಸವರಿ ಒರೆಸಿದರೆ ಅಕ್ಷರ ಮೂಡುತ್ತದೆ. ಒಣಗಿದರೆ ಮುರಿಯುತ್ತದೆ, ತೇವವಾದರೆ ಬೂಷ್ಟು ಹಿಡಿಯುತ್ತದೆ, ಬಿಟ್ಟರೆ ಹುಳು ತಿನ್ನುತ್ತದೆ. ಆಗಾಗ ಬಿಚ್ಚಿ, ಧೂಳು ಕೊಡವಿ, ಎಣ್ಣೆ ಸವರುವ ಕೈ ಬೇಕು. ‘ಈಗ ಕಂಪ್ಯೂಟರಿಗೆ ಏರಿಸಿದರಾಯಿತಲ್ಲ’ ಎನ್ನುವ ಜಾಣರಿದ್ದಾರೆ. ಏರಿಸಲಿ, ಬೇಕಾದದ್ದೇ. ಆದರೆ ಚಿತ್ರ ತಾನಾಗಿ ಓದಿಕೊಳ್ಳುತ್ತದೆಯೇ? ಸಂಸ್ಕೃತ ಗ್ರಂಥವೆಂದರೆ ನಾಗರಿಯಲ್ಲೇ ಇರಬೇಕೆಂದಿಲ್ಲ. ಗ್ರಂಥಲಿಪಿ, ತೆಲುಗು, ಕನ್ನಡ, ಯಾವುದೂ ಆಗಬಹುದು. ಪದ ಬಿಡಿಸದೆ ಒತ್ತೊತ್ತಾಗಿ ಕೊರೆದ ಸಾಲನ್ನು ಲಿಪಿಯೂ ಶಾಸ್ತ್ರವೂ ಬಲ್ಲವನೇ ಬಿಡಿಸಬೇಕು. ಅಂಥವನು ತಯಾರಾಗಲು ವರ್ಷಗಟ್ಟಲೆ ಗುರುವಿನ ಪಕ್ಕದಲ್ಲಿ ಕೂರಬೇಕು. ಕೂತಷ್ಟು ದಿನವೂ ಉಣ್ಣಬೇಕು.

ಊರು ಬಿಟ್ಟುಹೋದ ಮಂಡ್ಯಂ ಮನೆತನಗಳನ್ನು ದೂರುವುದು ಇನ್ನೊಂದು ಚಾಳಿ. ಹೊಟ್ಟೆಪಾಡಿಗೆ ಮೈಸೂರಿಗೋ ಬೆಂಗಳೂರಿಗೋ ಅಮೆರಿಕಕ್ಕೋ ಹೋದವರನ್ನು ಬೈದರೆ ಗರಿ ಓದುವವರು ಹುಟ್ಟುವುದಿಲ್ಲ. ಪು.ತಿ.ನ. ಕೂಡ ನೌಕರಿಗಾಗಿ ಊರು ಬಿಟ್ಟವರೇ. ಹಳೆಯ ಅಗ್ರಹಾರವೇ ಮರಳಲಿ ಎಂಬ ಹಂಬಲವಂತೂ ನನಗಿಲ್ಲ. ತಿರುಕುಲದವರಿಗೆ ರಾಮಾನುಜರು ಗುಡಿಯ ಬಾಗಿಲು ತೆರೆಸಿದರೆಂದು ಹೆಮ್ಮೆಯಿಂದ ಹೇಳುತ್ತೇವೆ. ವರ್ಷಕ್ಕೆ ಮೂರೇ ದಿನವೆಂದು ಅದನ್ನು ಅಳೆದಿಟ್ಟಿದ್ದ ಕಾಲವನ್ನೂ ಹೇಳಬೇಡವೇ? ಇನ್ನು ಗರಿ ಓದುವವನು ಯಾವ ಬೀದಿಯಿಂದಲಾದರೂ ಬರಲಿ. ಮಳವಳ್ಳಿಯ ಒಕ್ಕಲಿನ ಹುಡುಗಿ ಗ್ರಂಥಲಿಪಿ ಕಲಿತು ಬಂದರೆ ಬೇಡವೆನ್ನುವವರಾರು?

ಆದ್ದರಿಂದ ಜಿಲ್ಲೆಯ ಮುಖಂಡರಲ್ಲಿ ನನ್ನದೊಂದೇ ಕೇಳಿಕೆ. ಸಿನಿಮಾದವರು ರಾಯಗೋಪುರದ ಮುಂದೆ ಕುಣಿಯಲು ತೆರುವ ಬಾಡಿಗೆ, ಯಾತ್ರಿಕರಿಂದ ಬರುವ ವರಮಾನ, ಇವುಗಳಲ್ಲಿ ಒಂದು ಪಾಲನ್ನು ಕಲಿಯುವವರ ಊಟ ವಸತಿಗೆ ಎತ್ತಿಡಿ. ಬೀಗ ಬಿದ್ದ ಮನೆಯಿದ್ದರೆ ಒಡೆಯರನ್ನು ಒಪ್ಪಿಸಿ ಬಾಡಿಗೆಗೆ ಹಿಡಿಯಿರಿ. ಮೊದಲ ವರ್ಷಕ್ಕೆ ಹತ್ತು ಮಂದಿ ಸಾಕು.